ಚುಕ್ಕಿ ಬಿಟ್ಟ ಕಣ್ಣು

ಫೆಬ್ರವರಿ ೯, ಗುರುವಾರ

ಭಾವನ ಮಾತು ಇನ್ನೂ ಕಿವಿಯಲ್ಲಿ ಕೊರೆಯುತ್ತಿದೆ.

ಅವರ ಪ್ರಯೋಗಕ್ಕೆಂದು ಸ್ಕ್ಯಾನರಿನೊಳಗೆ ಮಲಗಿದ್ದೆ. ನಾನು ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಪರದೆಯ ಅಂಚಿನಲ್ಲಿ ಮಸುಕು ಗೆರೆ ಮೂಡಿದಾಗ ಮೆದುಳು ಎಷ್ಟು ಮಿಡಿಯುತ್ತದೆಂದು ಅವರು ಅಳೆಯುತ್ತಾರೆ. ಮೈಕ್ ಆರಿಸಲು ಮರೆತು ಸಹಾಯಕನಿಗೆ ಹೇಳಿದರು: "ನನ್ನ ನಾದಿನಿ ಕಣಯ್ಯಾ. ಬೂದು ಗೋಡೆ ಮೇಲಿನ ಬೂದು ಗೆರೆ. ಮನೇಲಿದ್ರೂ ಗೊತ್ತಾಗಲ್ಲ." ಇಬ್ಬರೂ ನಕ್ಕರು.

ಆಮೇಲೆ ನಾನು ಚುಕ್ಕಿ ನೋಡಲೇ ಇಲ್ಲ. ಅಂಚಿನ ಗೆರೆಯನ್ನೇ ನೇರವಾಗಿ ದಿಟ್ಟಿಸಿದೆ. ಕಣ್ಣಂಚಿನಲ್ಲಿ ಕಂಡದ್ದಕ್ಕಿಂತ ನೇರ ನೋಡಿದ್ದಕ್ಕೆ ಮೆದುಳು ಜೋರಾಗಿ ಮಿಡಿಯುತ್ತದೆ.

ಊಟಕ್ಕೆ ಕೂತಾಗ ಭಾವ ಕುಣಿಯುವುದೊಂದು ಬಾಕಿ. "ಅಂಚಲ್ಲಿ, ಅಷ್ಟು ಮಸುಕಲ್ಲೂ ಇಂಥ ಜೋರು ಮಿಡಿತ! ಇದುವರೆಗೆ ಯಾರೂ ಕಂಡಿಲ್ಲ ಕಣೇ!" ಎಂದರು ಅಕ್ಕನಿಗೆ. ಸೋಮವಾರದ ಸಭೆಯಲ್ಲಿ ಪ್ರೊಫೆಸರರ ಮುಂದೆ ಇಡುತ್ತಾರಂತೆ. ಅಕ್ಕ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದಳು. ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ಪ್ರೊಫೆಸರರು ತಪ್ಪು ಹಿಡಿಯಲಿ, ತುಂಬಿದ ಸಭೆಯಲ್ಲೇ ಭಾವನ ಮಾನ ಹರಾಜಾಗಲಿ. ಅಕ್ಕ ಅಳಬಹುದು. ಆದರೂ ಬಾಯಿ ಬಿಡುವುದಿಲ್ಲ.