ಕಡಾಯಿ ಹತ್ತದ ಹನ್ನೆರಡು ದಿನ

11 ಜುಲೈ 1988, ಸೋಮವಾರ

ಮಳೆ, ಐದನೆಯ ದಿನ. ಹೊಳೆ ದಾಟುವ ಬ್ಯಾರೇಜು ನೀರಿನಡಿ. ಇಂದೂ ಕಡಾಯಿಯೇ ಗತಿ.

ಅದು ಗೆಳತಿ ತಾರವ್ವನ ಅಪ್ಪ ರಾವಸಾಹೇಬರ ಗಾಣದ್ದು. ಸುಗ್ಗಿಯಲ್ಲಿ ಅದರಲ್ಲಿ ಬೆಲ್ಲ ಕಾಸುತ್ತಾರೆ, ಮಳೆಗಾಲದಲ್ಲಿ ನಮ್ಮನ್ನು ಆಚೆ ದಂಡೆಗೆ ಮುಟ್ಟಿಸುತ್ತಾರೆ. ಅದರ ತೂತುಗಳಿಗೆ ತೇಪೆ ಹಾಕಿದವರು ನನ್ನ ಅಬ್ಬಾ. ಈಚೆಯ ಜಾಲಿಯಿಂದ ಆಚೆಯ ಬೇವಿನ ಮರದವರೆಗೆ ಹಗ್ಗ. ಗಾಣದ ಲಗಮಣ್ಣ ಕಾಕಾ ಹಗ್ಗ ಜಗ್ಗುತ್ತಾನೆ, ಕಡಾಯಿ ಸರಿಯುತ್ತದೆ. ಕಾಲೇಜಿನವರು ಏಳು ಜನ. ಮೊಣಕಾಲು ಎದೆಗೊತ್ತಿ, ಮುಖ ಒಳಗೆ ಮಾಡಿ ಕೂಡಬೇಕು. ಏಳಬಾರದು, ಹೊರಳಬಾರದು. ತಾರವ್ವ ನಗುತ್ತಾಳೆ — ಅದೂ ಕೂಡದು.

“ನಗಬ್ಯಾಡ್ರಿ ತಾರಕ್ಕ, ಕಡಾಯಿ ಹೊಳ್ಳತೈತಿ. ನಿಮ್ಮಪ್ಪಾರು ಮೊದಲ ಕಡಾಯಿ ಎಲ್ಲಿ ಅಂತಾರ, ಆಮ್ಯಾಲ ಮಗಳು ಎಲ್ಲಿ ಅಂತಾರ,” ಎನ್ನುತ್ತಾನೆ ಕಾಕಾ.

ಆಚೆಯಿಂದ ಏಕಸಂಬಿವರೆಗೆ ಕೆಸರು ತುಳಿದು ನಡಿಗೆ. ಅಲ್ಲಿಂದ ಚಿಕ್ಕೋಡಿ ಬಸ್. ಬಿ.ಎ. ಮೊದಲ ವರ್ಷ, ಇತಿಹಾಸ. ತಗಡಿನ ಮೇಲೆ ಮಳೆಯ ಸದ್ದು. ವಿರುಪಾಕ್ಷಪ್ಪ ಸರ್ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಹಾಜರಿ ಮಾತ್ರ ಕೂಗಿ ಕರೆಯುತ್ತಾರೆ. ನನ್ನದು ಇಪ್ಪತ್ತೆಂಟು. ತಾರವ್ವನದು ನಲವತ್ತೊಂದು. ಅವಳು ‘ಯೆಸ್ ಸಾಽರ್’ ಎಂದು ಎಳೆಯುತ್ತಾಳೆ, ಹಾಡಿನ ಕೊನೆಯ ಸಾಲಿನ ಹಾಗೆ. ಕ್ಲಾಸೆಲ್ಲ ನಗುತ್ತದೆ. ಸರ್ ಕೂಡ.

ಸಂಜೆ ನೋಟ್‌ಬುಕ್ ಬಿಚ್ಚಿದರೆ ಸುಟ್ಟ ಬೆಲ್ಲದ ವಾಸನೆ. ಇರುವೆ ಹತ್ತಿವೆ.

14 ಜುಲೈ, ಗುರುವಾರ

ನಿಪ್ಪಾಣಿಯಿಂದ ಚಿಕ್ಕಮ್ಮ, ಕುಲಸುಂಬಿ ಖಾಲಾ ಬಂದಿದ್ದಳು. ಬೀಡಿ ಕಟ್ಟುವವರ ಸಭೆಯಲ್ಲಿ ಹಂಚಿದ ಕರಪತ್ರಗಳನ್ನು ಸೆರಗಿನಲ್ಲಿ ಸುತ್ತಿ ತರುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ, ನನಗಾಗಿ ತರುತ್ತಾಳೆ. ಇಂದಿನದರಲ್ಲಿ ಒಂದು ಸಾಲು: ಬೇರೆಯವರ ಉಪಕಾರದಲ್ಲಿ ಬದುಕುವವನಿಗೆ ತನ್ನ ಹಕ್ಕು ನೆನಪಾಗುವುದಿಲ್ಲ. ಅಡಿಗೆರೆ ಎಳೆದೆ. ಎರಡು ಸಲ.

ಕಡಾಯಿ ಇರುವತನಕ ಸರಕಾರ ಎತ್ತರದ ಸೇತುವೆ ಏಕೆ ಕಟ್ಟೀತು? ಕಡಾಯಿ ರಾವಸಾಹೇಬರ ದಯೆ. ನಮಗೆ ಬೇಕಾದದ್ದು ದಯೆಯಲ್ಲ. ನಾನೂ ಒಂದು ಕರಪತ್ರ ಬರೆಯಲು ಕುಳಿತೆ. ‘ಕಡಾಯಿ ಸೇತುವೆಯಲ್ಲ’. ಕಾರ್ಬನ್ ಇಟ್ಟು ಏಳು ಪ್ರತಿ.

ಅಬ್ಬಾನಿಗೆ ಓದಿ ಹೇಳಿದೆ. ಅವರು ರಿವೆಟ್ ಬಡಿಯುವುದನ್ನು ನಿಲ್ಲಿಸಲಿಲ್ಲ. “ಕಡಾಯಿ ಮ್ಯಾಲ ಯಾಕ ಸಿಟ್ಟು ಬೇಟಾ? ಅದೇನ್ ಮಾಡೇತಿ ನಿನಗ?”

17 ಜುಲೈ, ರವಿವಾರ

ಐದು ಜನ ಒಪ್ಪಿದರು. ನಾಳೆಯಿಂದ ಯಾರೂ ಕಡಾಯಿ ಹತ್ತುವುದಿಲ್ಲ, ದಂಡೆಯ ಮೇಲೆ ಕೂಡುವುದು. ಅಧಿಕಾರಿಗಳು ಬಂದು ನೋಡಲಿ. ತಾರವ್ವ ಮಾತ್ರ ಉಗುರು ಕಚ್ಚುತ್ತ ನಿಂತಳು.

“ಜೂನ್ ಪೂರಾ ಟೈಫಾಯಿಡ್‌ನ್ಯಾಗ ಹೋತು. ನನ್ನ ಹಾಜರಿ ಮೊದಲ ಕಮ್ಮಿ ಐತಿ. ಟರ್ಮ್ ಕಟ್ ಆದ್ರ ಅಪ್ಪ ಕಾಲೇಜು ಬಿಡಸ್ತಾನ. ಕಾಗವಾಡದವ್ರು ಹೆಣ್ಣು ಕೇಳಿ ಹೋಗ್ಯಾರ, ಗೊತ್ತಿಲ್ಲೇನ ನಿನಗ?”

“ಊರಾಗಿನ ಎಲ್ಲಾ ಹುಡುಗ್ಯಾರ ಸಲುವಾಗಿ ಎಂಟ್ಹತ್ತು ದಿನ ಬಿಡಾಕ ಆಗಂಗಿಲ್ಲೇನ?”

“ಭಾಷಣ ನನಗ ಮಾಡಬ್ಯಾಡ, ತಹಸೀಲ್ದಾರಗ ಮಾಡು.” ಆಮೇಲೆ ಅವಳೇ ಅಂದಳು, “ನೀ ಹೋಗಂಗಿಲ್ಲ ಅಂದ್ರ ನಾನೂ ಹೋಗಂಗಿಲ್ಲ. ಆತಿಲ್ಲೋ?”

ಆಯಿತು. ಹೈಸ್ಕೂಲಿನಲ್ಲಿ ಟೀಚರ್ ಆಗಬೇಕೆನ್ನುವವಳು. ಮೊದಲು ಇದು ಗೊತ್ತಾಗಬೇಕಲ್ಲ — ಹೆದರಿದವಳು ಯಾರಿಗೆ ಏನು ಕಲಿಸಿಯಾಳು?

18 ಜುಲೈ

ಮೊದಲ ದಿನ. ಲಗಮಣ್ಣ ಕಾಕಾ ಖಾಲಿ ಕಡಾಯಿಯಲ್ಲಿ ಒಬ್ಬನೇ ಕುಳಿತು ಬೀಡಿ ಸೇದಿದ. ನಾವು ಗೋಣಿಚೀಲ ತಲೆಗೆ ಹಾಕಿ ಕುಳಿತೆವು. ಎಂಥ ಸಂತೋಷ.

21 ಜುಲೈ, ಗುರುವಾರ

ಯಾರೂ ಬರಲಿಲ್ಲ. ಚಿಕ್ಕೋಡಿಯ ತಹಸೀಲ್ದಾರ ಕಚೇರಿಗೆ ಮನವಿ ನಾವೇ ಮುಟ್ಟಿಸಬೇಕು. ಒಬ್ಬರು ಹೋಗಬೇಕು. ನಾನು.

ಕಡಾಯಿ ಹತ್ತಿದೆ. ಮನವಿ ಕೊಡಲು ಹೋಗುವುದು ಬೇರೆ, ಕಾಲೇಜಿಗೆ ಹೋಗುವುದು ಬೇರೆ ಎಂದೆ. ಯಾರೂ ಬೇರೆಯಲ್ಲ ಎನ್ನಲಿಲ್ಲ. ತಾರವ್ವ ಕೊಡೆ ಹಿಡಿದು ನೀರಿನ ಅಂಚಿನವರೆಗೆ ಬಂದಳು.

“ಹೆಂಗೂ ಹೊಂಟಿ. ಕಾಲೇಜಿನ್ಯಾಗ ಹಣಕಿ ಹಾಕಿ ನಂದೊಂದು ಯೆಸ್ ಸರ್ ಒಗದು ಬಾರಲೇ. ಈ ಮಳ್ಯಾಗ ಯಾರ ದನಿ ಅಂತ ಸರ್‌ಗ ಏನ್ ತಿಳೀತೈತಿ?”

“ಸುಳ್ಳು ಹಾಜರಿ ಹೇಳಾಕ ಹೋರಾಟಕ್ಕ ಕುಂತೀವೇನ?” ಎಲ್ಲರೆದುರು ಕೇಳಿದೆ. ದನಿ ಎತ್ತರಿಸಿಯೇ ಕೇಳಿದೆ. ಅವಳು ಕೊಡೆ ಕೆಳಗಿಳಿಸಿ ಮುಖ ಮರೆ ಮಾಡಿಕೊಂಡಳು.

ಕಚೇರಿಯಲ್ಲಿ ತುಕಾರಾಮ ಎಂಬ ಕಾರಕೂನ. “ಸಾಹೇಬ್ರು ಮಹಾಪೂರ ನೋಡಾಕ ಹೋಗ್ಯಾರ. ನಾಳೆ ಬಾ.” ಮಹಾಪೂರದಿಂದ ಬಂದವಳಿಗೆ ಹೇಳುವ ಮಾತು! ಬಸ್ಸು ಮೂರಕ್ಕೆ. ನಿಲ್ಲಲು ಜಾಗವಿಲ್ಲ, ಬಟ್ಟೆಯೆಲ್ಲ ತೊಪ್ಪೆ. ಕಾಲೇಜಿನ ಪಡಸಾಲೆಯಲ್ಲಿ ನಿಂತೆ. ಮಳೆಗಾಗಿ, ಅಷ್ಟೇ. ವಿರುಪಾಕ್ಷಪ್ಪ ಸರ್ ಕಂಡರು. “ಒಳಗ ಬಾರವಾ, ಯಾಕ ಹೊರಗ ನೆನೀತಿ?”

ಕುಳಿತೆ. ಇಪ್ಪತ್ತೆಂಟು ಎಂದರು. ಯೆಸ್ ಸರ್ ಎಂದೆ... ಬಾಯಿ ತಾನೇ ಅಂದಿತು. ನಲವತ್ತೊಂದು ಎಂದು ಸರ್ ಕಾದರು, ನನ್ನ ಕಡೆ ನೋಡಿದರು. ನಾನು ಪುಸ್ತಕ ನೋಡಿದೆ.

23 ಜುಲೈ, ಶನಿವಾರ

ನಿನ್ನೆಯೂ ‘ನಾಳೆ ಬಾ’. ನಿನ್ನೆಯೂ ಮಳೆ, ನಿನ್ನೆಯೂ ಕ್ಲಾಸು. ಇಂದು ಮನವಿ ಕೊಟ್ಟೆ. ಸಾಹೇಬರು ಓದದೆ ಕಾಗದದ ಮೇಲೆ ಕಚೇರಿಯ ಸಿಕ್ಕಾ ಒತ್ತಿಸಿದರು. ಆಮೇಲೆ ನಾಲ್ಕೂ ಪಿರಿಯಡ್ ಕುಳಿತೆ. ಸುಳ್ಳು ಹೇಳಿ ಏನು? ಚೆನ್ನಾಗಿತ್ತು. ಒಣ ಬೆಂಚು, ಸೀಮೆಸುಣ್ಣದ ವಾಸನೆ, ನೋಟ್ಸು.

ತಾರವ್ವ ದಂಡೆಯಲ್ಲಿ ಕಾದಿದ್ದಳು. “ಮೂರರ ಬಸ್ ಮಟಾ ಏನ್ ಮಾಡ್ತಿ ದಿನಾ?”

“ಕಚೇರಿ ಮುಂದಿನ ಕಟಗಿ ಬಾಕಿನ ಮ್ಯಾಲ ಕುಂತಿರ್ತೀನಿ.”

“ಪಾಪ. ಉಂಡೀಲ್ಲೋ?” ಸೆರಗಿನೊಳಗಿಂದ ಬುತ್ತಿ ತೆಗೆದಳು. ರೊಟ್ಟಿ ಬಿಸಿ ಇತ್ತು. ತಿಂದೆ.

ಇಲ್ಲಿ ಬರೆದಿದ್ದೇನೆ. ಇಲ್ಲಿ ಮಾತ್ರ.

30 ಜುಲೈ, ಶನಿವಾರ

ರವಿವಾರ ಬಿಟ್ಟು ಹನ್ನೆರಡನೆಯ ದಿನ. ಹೊಳೆ ಇಳಿಯುತ್ತಿದೆ. ಬ್ಯಾರೇಜಿನ ಕಂಬಗಳ ತಲೆ ಕಾಣುತ್ತಿವೆ. ಅಧಿಕಾರಿ ಬರಲಿಲ್ಲ, ಕಾಗದ ಬರಲಿಲ್ಲ. ಸೋಮವಾರ ಎಲ್ಲರೂ ಬ್ಯಾರೇಜಿನ ಮೇಲೆ ನಡೆದು ಹೋಗುತ್ತಾರೆ. ನೀರು ಇಳಿದ ಮೇಲೆ ಸೇತುವೆ ಯಾರಿಗೆ ನೆನಪು? ಲಗಮಣ್ಣ ಕಾಕಾ ಕಡಾಯಿ ಬೋರಲು ಹಾಕಿದ.

12 ಅಕ್ಟೋಬರ್, ಬುಧವಾರ

ಇಷ್ಟು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ.

ನೋಟಿಸ್ ಬೋರ್ಡಿನಲ್ಲಿ ಲಿಸ್ಟು. ಹಾಜರಿ ಕಡಿಮೆಯಾದವರು, ಟರ್ಮ್ ಇಲ್ಲ. ನಮ್ಮೂರಿನದು ಒಂದೇ ನಂಬರು. ನಲವತ್ತೊಂದು.

ರಾವಸಾಹೇಬರು ಕಾಲೇಜಿಗೆ ಬಂದಿದ್ದರು. ತಾರವ್ವ ಅವರ ಬೆನ್ನ ಹಿಂದೆ, ನಾನು ಬಾಗಿಲಲ್ಲಿ. ವಿರುಪಾಕ್ಷಪ್ಪ ಸರ್‌ಗೆ ಸಂಕಟ. “ಎರಡ ಎರಡು ದಿನ ಕಮ್ಮಿ ಬಿದ್ದಾವ್ರಿ. ಪ್ರಿನ್ಸಿಪಾಲರ ಕಾಲಿಗಿ ಬೀಳೂದೊಂದ ಉಳದಿತ್ತು. ಆಗಂಗಿಲ್ಲ ಅಂದ್ರು.” ರಜಿಸ್ಟರ್ ಬಿಚ್ಚಿ ತೋರಿಸಿದರು. ಜುಲೈ ಪುಟ. ನಮ್ಮೂರಿನ ಏಳು ಸಾಲುಗಳಲ್ಲೂ ಗೈರು, ಗೈರು, ಗೈರು. ಇಪ್ಪತ್ತೆಂಟನೆಯ ಸಾಲಿನಲ್ಲಿ ಮಾತ್ರ ಮೂರು ದಿನ ನೀಲಿ ಮಸಿಯ ಹಾಜರಿ.

ತಾರವ್ವನ ಬೆರಳು ಅಲ್ಲಿ ನಿಂತಿತು.

ರಾವಸಾಹೇಬರು ಸಿಟ್ಟು ಮಾಡಲಿಲ್ಲ. ಮಾಡಬೇಕಿತ್ತು. ನನ್ನ ಕಡೆ ತಿರುಗಿ, “ಗೌರ್ಮೆಂಟ್ ಸೇತುವೆ ಕಟ್ಟಲಿ ಬಿಡಲಿ, ನಾ ನನ್ನ ಕಡಾಯಿ ಕೊಟ್ಟಿದ್ನೆವಾ. ನೀವ ಹತ್ತಲಿಲ್ಲ,” ಎಂದರು. ತಲೆಯ ಪಟಕಾ ಸರಿ ಮಾಡಿಕೊಂಡು ಹೊರಟರು.

ಬಸ್ ಸ್ಟ್ಯಾಂಡಿನಲ್ಲಿ ತಾರವ್ವ ನನ್ನ ಪಕ್ಕ ನಿಂತಳು. ಬಸ್ಸು ಬರುವ ದಾರಿಯನ್ನೇ ನೋಡುತ್ತ ಕೇಳಿದಳು.

“ಕಚೇರಿ ಬಾಕು ಗಟ್ಟಿ ಇತ್ತೇನ ಮಮತಾಜ?”

ಅವಳು ಎಂದೂ ನನ್ನನ್ನು ಪೂರ್ತಿ ಹೆಸರಿನಿಂದ ಕರೆದವಳಲ್ಲ. ಮಮ್ಮೂ ಅನ್ನುತ್ತಿದ್ದಳು.

13 ಅಕ್ಟೋಬರ್

ಮೂರು ದಿನ ಅವಳ ಹೆಸರಿಗೆ ಬಾಯಿ ತೆರೆದಿದ್ದರೆ ಸಾಕಿತ್ತು. ಎರಡು ದಿನ ತೆರೆದಿದ್ದರೂ. ಸುಳ್ಳು ಹೇಳಲಾರೆನೆಂದು ಸುಮ್ಮನಿದ್ದೆ. ಆಮೇಲೆ ಸುಳ್ಳನ್ನೂ ಹೇಳಿದೆ, ನನಗೋಸ್ಕರ.

ಅವಳ ಮನೆಗೆ ಹೋಗಿದ್ದೆ. “ತಾರಿ ಮಲಗ್ಯಾಳವಾ,” ಎಂದಳು ಅವಳ ಅವ್ವ ಸಕ್ಕುಬಾಯಿ. ಒಳಗೆ ಬಳೆ ಸದ್ದಾಗುತ್ತಿತ್ತು.

27 ನವೆಂಬರ್, ರವಿವಾರ

ಲಗ್ನ. ಕಾಗವಾಡದವರು, ದ್ರಾಕ್ಷಿ ತೋಟದವರು. ಹುಡುಗ ಕೆಟ್ಟವನೇನೂ ಅಲ್ಲ. ಊರಿಗೆಲ್ಲ ಗೋದಿ ಹುಗ್ಗಿ. ಕುದಿಸಿದ್ದು ಅದೇ ಕಡಾಯಿಯಲ್ಲಿ. ಅಬ್ಬಾ ಎರಡು ದಿನ ಕೂತು ತಿಕ್ಕಿ ಬೆಳಗಿದ್ದರು.

ಅರಿಸಿನದ ಸೀರೆಯಲ್ಲಿ ಅವಳನ್ನು ಒಲೆಯ ಮುಂದಿನಿಂದ ಕರೆದೊಯ್ದರು. ಲಗಮಣ್ಣ ಕಾಕಾ ಹುಗ್ಗಿ ತಿರುವುವ ಹುಟ್ಟು ಎತ್ತಿ ಹಿಡಿದು ನಿಂತಿದ್ದ, ಬೆವರಿನಲ್ಲಿ ಕಣ್ಣು ಕೆಂಪಾಗಿ. “ಈಗ ನಗ್ರಿ ತಾರಕ್ಕ. ಈಗ ಹೊಳ್ಳಂಗಿಲ್ಲ.”

ಅವಳು ನಗಲಿಲ್ಲ. ನನ್ನ ಮುಂದೆ ಬಂದಾಗ ಒಂದು ಗಳಿಗೆ ನಿಂತಳು. “ನೋಟ್ಸ್ ಎಲ್ಲಾ ಬರಕೋ. ಚೊಲೋ ಓದು,” ಎಂದಳು. ವ್ಯಂಗ್ಯವಲ್ಲ. ವ್ಯಂಗ್ಯವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಲೆಯ ಮುಂದೆ ಕುಳಿತೆ. ಹುಗ್ಗಿ ಬಾಯಿಗಿಟ್ಟರೆ ಹೊಳೆ ನೀರಿನ ನೆನಪು.

29 ನವೆಂಬರ್, ಮಂಗಳವಾರ

ಅಕಾಲದ ಮಳೆ. ದ್ರಾಕ್ಷಿಗೆ ಕೆಟ್ಟದ್ದು ಎಂದು ಬಸ್ಸಿನಲ್ಲಿ ಎಲ್ಲರೂ ಅಂದರು. ಕಾಗವಾಡ ನೆನಪಾಯಿತು.

ವಿರುಪಾಕ್ಷಪ್ಪ ಸರ್ ರಜೆ. ಹೊಸ ಸರ್, ತಲೆ ಎತ್ತದೆ ನಂಬರು ಕರೆದರು. ಹಳೆಯ ರಜಿಸ್ಟರ್ ಇರಬೇಕು, ಅವಳ ನಂಬರಿಗೆ ಯಾರೂ ಗೆರೆ ಹೊಡೆದಿಲ್ಲ. ತಗಡಿನ ಮೇಲೆ ಮಳೆ. ಇಪ್ಪತ್ತೆಂಟು ದಾಟಿತು. ನಲವತ್ತು. ನಲವತ್ತೊಂದು.

ಸರ್ ಪೆನ್ನು ಹಿಡಿದು ಕಾದರು.

“ಯೆಸ್ ಸಾಽರ್.”

ನಾನೇ. ಅವಳ ಹಾಗೆಯೇ, ಎಳೆದು. ಎಲ್ಲರೂ ತಿರುಗಿ ನೋಡಿದರು, ಯಾರೂ ನಗಲಿಲ್ಲ. ಸರ್ ಹಾಜರಿ ಹಾಕಿ ನಲವತ್ತೆರಡು ಎಂದರು. ಇಷ್ಟೇ. ಇಷ್ಟು ಸಲೀಸು. ಒಂದು ಉಸಿರು ಕೂಡ ಪೂರ್ತಿ ಬೇಕಾಗಲಿಲ್ಲ, ಆ ದಿನ ನಾನು ಪುಸ್ತಕ ನೋಡುವ ಬದಲು —