ಆಗಿದ್ದಲ್ಲ, ಮಾಡಿದ್ದು

ಪೊರಿರುವಾ
ಆಗಸ್ಟ್ 10, ಶನಿವಾರ ಬೆಳಿಗ್ಗೆ

ನನ್ನ ಪೆನಿನಾ ಅಕ್ಕಾ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡೂ ಹರಿದು ಬಿಸಾಡದೆ ಓದುತ್ತಿದ್ದೀಯಾದರೆ, ಅಷ್ಟಕ್ಕೇ ನಿನಗೆ ದೊಡ್ಡ ನಮಸ್ಕಾರ.

ಮೊದಲು ಸುದ್ದಿ. ನಿನ್ನೆ ಸೆಮೀಸಿಯ ಚಿಕಿತ್ಸೆ ಮುಗಿಯಿತು. ಎರಡು ವರ್ಷ, ಪ್ರತಿ ಶುಕ್ರವಾರ. ಅವನ ಆಪ್ತಸಮಾಲೋಚಕಿ ಮಾರೀ ಕೊನೆಯ ಹಾಳೆಗೆ ಸಹಿ ಹಾಕಿದಾಗ ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಹಸಿವು. ದಾರಿಯಲ್ಲಿ ಬಸ್ ಸ್ಟಾಪಿನಲ್ಲೇ ನಿಂತು ತೆಂಗಿನಹಾಲಿನ ಬನ್ನು ಮೂರು ತಿಂದೆ. "ಅಮ್ಮಾ, ನನಗೂ ಒಂದು ಉಳಿಸ್ತೀಯಾ ಹೇಗೆ?" ಅಂದ ನನ್ನ ಮಗ. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಿದೆ ಅಕ್ಕಾ. ಸುಳ್ಳೇಕೆ ಹೇಳಲಿ.

ಮಾರೀಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ನಿನ್ನ ಮಗಳಿಗೆ, ಲಾಂಗಿಗೆ, ನಾವು ಏನೂ ಬರೆಯುವಂತಿಲ್ಲ; ಕ್ಷಮೆಯ ಒಂದು ಸಾಲು ಕೂಡ ಅವಳಾಗಿ ಬೇಕು ಅಂದ ಮೇಲೆಯೇ. ನಿನಗೆ ಬರೆಯಬಹುದಂತೆ. ಈ ಎರಡು ವರ್ಷದಲ್ಲಿ ನಿನ್ನಿಂದ ಬಂದದ್ದು ಒಂದೇ ಮೆಸೇಜು: "ಆ ಮಕ್ಕಳ ರಕ್ಷಣೆಯ ಕಚೇರಿಗೆ ಫೋನ್ ಮಾಡಿದ್ದು ಯಾರು? ಅದನ್ನ ಹೇಳು, ಆಮೇಲೆ ನಾವು ಅಕ್ಕತಂಗಿ." ಅಲ್ಲಿಗೆ ಬರುತ್ತೇನೆ. ಸುತ್ತಿ ಬಳಸಿ ಬರುವುದು ನನ್ನ ಸ್ವಭಾವ, ನಿನಗೆ ಗೊತ್ತಲ್ಲ.

ಇಫೊಂಗಾ ಮಾಡಿದ ದಿನ ನೆನಪಿದೆಯೇ? ಅಪ್ಪ ನಮ್ಮನ್ನೆಲ್ಲ ನಿನ್ನ ಮನೆಯ ಮುಂದೆ ಹುಲ್ಲಿನ ಮೇಲೆ ಕೂರಿಸಿ, ತಲೆಯ ಮೇಲೆ ಅಜ್ಜಿಯ ಹಳೆಯ, ನಯವಾಗಿ ಹೆಣೆದ ಚಾಪೆ ಹೊದಿಸಿದರು. ತಪ್ಪು ಮಾಡಿದ ಮನೆಯವರು ಚಾಪೆಯ ಕೆಳಗೆ ತಲೆಬಾಗಬೇಕು, ನೊಂದ ಮನೆಯವರು ಅದನ್ನು ಎತ್ತಿದರೆ ಮಾತು ಮುಗಿದ ಹಾಗೆ. ಭಾವ ಬಂದು ಎತ್ತಿದರು. ಅಪ್ಪ ಭಾಷಣ ಮಾಡಿದರು, ಎಲ್ಲರೂ ಅತ್ತೆವು. ಆಮೇಲೆ ಚಹಾ. ಚಹಾ ತಂದವಳು ಲಾಂಗಿ. ಒಂಬತ್ತು ವರ್ಷದ ಮಗು, ತನ್ನ ಕೈಯಾರೆ ಸೆಮೀಸಿಗೂ ಕೊಟ್ಟಳು. ಕಪ್ಪು ಬಸಿಯ ಮೇಲೆ ಕಟಕಟ ಅನ್ನುತ್ತಿತ್ತು. ನಾನು ಅಂದದ್ದು "ಎಂಥಾ ಜಾಣೆ ನಮ್ಮ ಹುಡುಗಿ" ಎಂದು. ಈ ನಾಲಿಗೆ ಆಗಲೇ ಸೇದಿಹೋಗಬೇಕಿತ್ತು.

ಮುಂದೆ ಇದನ್ನು ಹೇಳಿದಾಗ ಮಾರೀ ನಮ್ಮ ಪದ್ಧತಿಯನ್ನು ಹಳಿಯಲಿಲ್ಲ. "ಚಾಪೆ ದೊಡ್ಡದೇ. ಆದ್ರೆ ಅದರ ಕೆಳಗೆ ಅವನ ಮುಖ ಯಾರಿಗೂ ಕಾಣಲಿಲ್ವಲ್ಲ. ಅವನ ತಪ್ಪನ್ನ ಮನೆಯೆಲ್ಲ ಹಂಚ್ಕೊಂಡ್ತು. ಆ ಮಗೂನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ಅಂದರು.

ಮೊದಲ ಐದು ತಿಂಗಳು ಸೆಮೀಸಿ ಬಾಯಿ ಬಿಟ್ಟರೆ "ಆ ವಿಷಯ ಆದಾಗ" ಅನ್ನುತ್ತಿದ್ದ. ನಾನೂ ಹಾಗೇ ಅನ್ನುತ್ತಿದ್ದೆ, ನೀನೂ. ಮಾರೀ ಬಿಡಲಿಲ್ಲ. "ಮಳೆ ಆಗುತ್ತೆ ಕಣಪ್ಪಾ. ಇದು ಆಗಿದ್ದಲ್ಲ, ನೀನು ಮಾಡಿದ್ದು. ಇನ್ನೊಂದ್ಸಲ ಹೇಳು." ಆರನೆಯ ತಿಂಗಳು, ನನ್ನನ್ನು ಎದುರಿಗೆ ಕೂರಿಸಿಕೊಂಡು ಅವನು ಹೇಳಿದ: "ನಾನು ಲಾಂಗಿ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದೆ. ಅವಳು ಬೇಡ ಅಂದಿದ್ದು ನನಗೆ ಕೇಳಿಸಿತ್ತು." ನಾನು ಹೊರಗೆ ಓಡಿ ಕಾರು ನಿಲ್ಲಿಸುವ ಜಾಗದಲ್ಲಿ ವಾಂತಿ ಮಾಡಿಕೊಂಡೆ. ಆದರೂ ಅವತ್ತೇ ಮೊದಲ ಸಲ ಅವನ ಮುಖ ನೋಡಲು ನನಗಾಯಿತು.

"ಹಾಗಾದ್ರೆ ನಾನು ರಾಕ್ಷಸನ್ನ ಹೆತ್ತೆನಾ?" ಅಂತ ಮಾರೀಯನ್ನು ಕೇಳಿದೆ. ಇಲ್ಲ ಅಂದರು. ಬದಲಿಗೆ ಸಣ್ಣ ಸಣ್ಣ ಪ್ರಶ್ನೆ. ಶಾಲೆಯಲ್ಲಿ ಅವನು ಯಾರ ಜೊತೆ ಊಟ ಮಾಡುತ್ತಾನೆ? ನನಗೆ ಗೊತ್ತಿರಲಿಲ್ಲ; ಒಬ್ಬನೇ ಅಂತೆ, ಜಿಮ್ಮಿನ ಹಿಂದೆ. ಫೋನು ಕೈಗೆ ಬಂದದ್ದು ಯಾವಾಗ? ಹನ್ನೊಂದು ವರ್ಷಕ್ಕೇ. ಆಸ್ಟ್ರೇಲಿಯಾದ ಗಣಿಯಿಂದ ಅವರಪ್ಪ ಕಳಿಸಿದ್ದು, ನಾನೇ ಊರೆಲ್ಲ ತೋರಿಸಿ ಮೆರೆದಿದ್ದೆ. ಅದರಲ್ಲಿ ಏನೇನು ಹೊಲಸು ನೋಡುತ್ತಾನೆಂದು ಕೇಳಲಿಲ್ಲ. ಬೆಲ್ಟಿನಲ್ಲಿ ಹೊಡೆಯುತ್ತಿದ್ದೆ, ಆದರೆ ಮೈಯ ವಿಷಯ, ಮರ್ಯಾದೆಯ ವಿಷಯ ಒಂದು ದಿನ ಕೂರಿಸಿ ಹೇಳಲಿಲ್ಲ. ಅಂಥವನ ಕೈಗೆ ಪ್ರತಿ ಶನಿವಾರ ಲಾಂಗಿಯನ್ನು ನೋಡಿಕೊಳ್ಳಲು ಕೊಟ್ಟವರೂ ನಾವೇ. "ಇದ್ಯಾವುದೂ ನೆಪ ಅಲ್ಲ, ಎಲ್ಲಿ ರಿಪೇರಿ ಆಗ್ಬೇಕು ಅಂತ ತಿಳಿಯೋಕೆ," ಅಂದರು ಮಾರೀ. ಸರಿಯಾದ ಚಿಕಿತ್ಸೆ ಸಿಕ್ಕ ಹುಡುಗರಲ್ಲಿ ಬಹುಪಾಲು ಮಂದಿ ಮತ್ತೆ ಇಂಥದ್ದಕ್ಕೆ ಕೈಹಾಕುವುದಿಲ್ಲವಂತೆ. ಬಹುಪಾಲು ಅಂದರೆ ಎಲ್ಲರೂ ಅಲ್ಲವಲ್ಲ ಅಂದೆ. "ಅದಕ್ಕೇ ಮನೇಲಿ ನಿಯಮ," ಅಂದರು.

ನಿಯಮ ಈಗಲೂ ಇವೆ. ಫೋನು ಅಡುಗೆಮನೆಯಲ್ಲಿ ಇರುತ್ತದೆ. ಚಿಕ್ಕ ಮಕ್ಕಳ ಜೊತೆ ಅವನೊಬ್ಬನೇ ಇರುವಂತಿಲ್ಲ. ಹೋದ ತಿಂಗಳು ಪಕ್ಕದ ಮನೆಯಾಕೆ ಹತ್ತೇ ನಿಮಿಷ ಮಕ್ಕಳನ್ನು ನೋಡಿಕೋ ಅಂದರಂತೆ. "ಆಗಲ್ಲ ಆಂಟಿ, ಅಮ್ಮನ್ನ ಕಳಿಸ್ತೀನಿ" ಅಂದು ಬಂದ. ಶೂ ಕೂಡ ಬಿಚ್ಚದೆ ನನಗೆ ವರದಿ ಒಪ್ಪಿಸಿದ. ನಾನು ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡು ಓಡಿದೆ, ದಾರಿಯುದ್ದಕ್ಕೂ ನಗುತ್ತಿದ್ದೆ. ಈಗ ರಗ್ಬಿ ತಂಡದ ಇಬ್ಬರು ಗೆಳೆಯರೂ ಇದ್ದಾರೆ. ನನ್ನ ಕೆಸುವಿನ ಗಡ್ಡೆ ಪಾತ್ರೆಗಟ್ಟಲೆ ಖಾಲಿ ಮಾಡುತ್ತಾರೆ, ಹಾಳಾದವರು.

ನೀನು ಕ್ಷಮಿಸು ಎಂದು ಕೇಳುತ್ತಿಲ್ಲ. ಲಾಂಗಿ ಬರುವ ಮದುವೆಗೆ, ಸಾವಿಗೆ, ಭಾನುವಾರದ ಊಟಕ್ಕೆ ಸೆಮೀಸಿ ಬರುವುದಿಲ್ಲ. ಇದನ್ನು ಅವನೇ ಬರೆದು ಮಾರೀಗೆ ಕೊಟ್ಟಿದ್ದಾನೆ. ನಮ್ಮವರ ಮನೆಗಳೆಲ್ಲ ಮೊದಲು ಅವಳವು. ಅವಳು ಈಗ ನಿದ್ದೆ ಮಾಡುತ್ತಾಳೆಯೇ? ಅದೊಂದನ್ನು ಬರೆ ಸಾಕು.

ನೀನು ಒಪ್ಪಿದರೆ, ನಿನ್ನ ತಂಗಿ
ಫಿಲೆಮು

ಮತ್ತೆ: ಮರೆತೆನೆಂದಲ್ಲ, ಕೈ ಬರಲಿಲ್ಲ. ಫೋನ್ ಮಾಡಿದವಳು ನಾನೇ ಅಕ್ಕಾ, ಚಾಪೆ ಎತ್ತಿದ ಮರುದಿನ. ಮಾಡಿದ್ದು ಲಾಂಗಿಯ ಟೀಚರೇ ಎಂದುಕೊಂಡು ಅಪ್ಪ ಇಂದಿಗೂ ಅವರಿಗೆ ಹಿಡಿಶಾಪ ಹಾಕುತ್ತಾರೆ, ನಾನು ಹೂಂಗುಟ್ಟುತ್ತ ಕೂತಿರುತ್ತೇನೆ. ತಾಯಿಯಾಗಿ ನಾನೇ ಮಾಡಬೇಕಿತ್ತು ಎಂದು ನೀನು ಒಳಗೇ ಕೊರಗುತ್ತೀಯ, ನನಗೆ ಗೊತ್ತು. ಅದಕ್ಕೇ ಹೇಳಲು ಹೆದರಿದೆ. ಹೆತ್ತವಳೇ ಹಿಡಿದುಕೊಟ್ಟಳು ಎಂದು ಸೆಮೀಸಿ ಮುರಿದುಬೀಳುತ್ತಾನೆಂಬ ಭಯವೂ ಇತ್ತು. ನಿನ್ನೆ ಅವನಿಗೂ ಹೇಳಿಬಿಟ್ಟೆ. "ಗೊತ್ತಿತ್ತಮ್ಮಾ," ಅಂದ. "ನೀನು ಬಚ್ಚಲಲ್ಲಿ ಮಾತಾಡೋವಾಗ ನಾನು ಬಾಗಿಲ ಹೊರಗೇ ನಿಂತಿದ್ದೆ. ಅವರು ವಯಸ್ಸು ಕೇಳಿದಾಗ ನನಗೆ ಹದಿಮೂರು ಅಂದ್ಬಿಟ್ಟೆ ನೀನು. ಆಗಲೇ ಹದಿನಾಲ್ಕಾಗಿತ್ತು."