ಸಾವಿರದ ಹತ್ತನೇ ನಂಬರಿನ ಪಟ್ಟಿ

ಪರಮಪೂಜ್ಯ ನಿಂಗಪ್ಪ ಮೇಷ್ಟ್ರ ಪಾದಾರವಿಂದಗಳಿಗೆ,

ಪೀಣ್ಯ ಎರಡನೇ ಹಂತದ ಲೇತ್ ವರ್ಕ್‌ಶಾಪಿನ ಮೇಲ್ಮಹಡಿಯಲ್ಲಿ ತಾವು ಹದಿನೈದು ವರ್ಷ ಪಾಲಿಸಿ ಪೋಷಿಸಿದ ರೌಟರ್ ಲ್ಯಾಬಿನ ಕಿಟಕಿ ಪಕ್ಕದ ಬೆಂಚಿನಿಂದ, ಮಾದನಾಯಕನಹಳ್ಳಿಯ ಪವಿತ್ರ ಮಾಡುವ ಸಾಷ್ಟಾಂಗ ಪ್ರಣಾಮಗಳು. ಇಲ್ಲಿ ನಾವೆಲ್ಲ ಕ್ಷೇಮ. ಇದಾದ ಮೇಲೆ ತಮ್ಮ ಕ್ಷೇಮ ವಿಚಾರಿಸಬೇಕು. ಆ ವಾಕ್ಯವನ್ನು ಮೂರು ಸಲ ಬರೆದು ಹೊಡೆದುಹಾಕಿದೆ. ತಾವು ಹೋಗಿ ಎಂಟು ತಿಂಗಳಾಯಿತು. ಆ ಗುರುವಾರ ನಮ್ಮ ತರಬೇತಿ ಕೇಂದ್ರದ ಓನರ್ ಮುಂದೆ ಲ್ಯಾಬ್ ಕೈಕೊಟ್ಟಿತಲ್ಲ, ಅದರ ಬಗ್ಗೆ ಒಂದು ತಪ್ಪೊಪ್ಪಿಗೆ ಬಾಕಿ ಉಳಿದಿದೆ. ಇನ್ನು ‘ನೀವು’ ಅನ್ನುತ್ತೇನೆ. ‘ತಾವು’ ಅಂದಾಗಲೆಲ್ಲ ನಿಮಗೆ ಅನುಮಾನ ಬರುತ್ತಿತ್ತು.

ಮೊದಲ ದಿನ ನಾನು ಕೇಳಿದ ಪ್ರಶ್ನೆ ನೆನಪಿದೆಯೇ? ಗುಜರಿಯಿಂದ ಎತ್ತಿಕೊಂಡು ಬಂದ ಆರು ರೌಟರ್ ತೋರಿಸಿ, ಜಗತ್ತು ಎಂದೋ ಕೈಬಿಟ್ಟ ಐಪಿಎಕ್ಸ್ ಎಂಬ, ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಹಳೆಯ ಪ್ರೋಟೊಕಾಲ್ ಕಲಿಸಲು ಹೊರಟಿರಿ. “ಸಾರ್, ಇದನ್ನ ಕಲಿತು ಯಾವ ಮ್ಯೂಸಿಯಮ್‌ನಲ್ಲಿ ಕೆಲಸ ಸಿಗುತ್ತೆ?” ಅಂದೆ. ಎಲ್ಲರೂ ನಕ್ಕರು. ನೀವು ನಗಲಿಲ್ಲ. “ನೋಡವಾ, ಹೊಸಾದ್ರಾಗ ಏನರ ಕೆಟ್ಟರ ಫೋನ್ ತಗದು ಉತ್ತರ ಹುಡುಕ್ತೀರಿ. ಇದಕ್ಕ ಫೋನ್‌ನ್ಯಾಗ ಉತ್ತರ ಸಿಗಂಗಿಲ್ಲ. ಕಣ್ಣು ಬಿಟ್ಟು ನೋಡಬೇಕಾಕ್ಕೈತಿ. ಆ ನೋಡೂದನ್ನ ಕಲಸಾಕ ಇಟ್ಟೇನಿ ಇದನ್ನ.”

ಪಾಠ ನಿಮ್ಮ ಬಾಯಲ್ಲಿ ಊರಿನ ಸುದ್ದಿಯಾಗುತ್ತಿತ್ತು. ಪ್ರತಿ ಸರ್ವರ್ ನಿಮಿಷಕ್ಕೊಮ್ಮೆ ‘ನಾನಿಲ್ಲಿದ್ದೇನೆ’ ಎಂದು ಕೂಗುತ್ತದೆ, ರೌಟರ್ ಆ ಕೂಗನ್ನು ಮುಂದಿನ ಓಣಿಗೆ ಮುಟ್ಟಿಸುತ್ತದೆ. ಯಾವ ಕೂಗನ್ನು ಮುಟ್ಟಿಸಬಾರದೆಂದು ಪಟ್ಟಿ ಬರೆದುಕೊಟ್ಟರೆ ಅದೇ ಫಿಲ್ಟರ್. ಆದರೆ ಪಟ್ಟಿಯ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸಾಲು ತಾನಾಗಿ ಇರುತ್ತದೆ: ಉಳಿದದ್ದೆಲ್ಲವನ್ನೂ ತಡೆ. ಒಂದನ್ನು ತಡೆಯಲು ಬರೆದವರು ‘ಉಳಿದದ್ದನ್ನು ಬಿಡು’ ಎಂದು ಕಡೆಯ ಸಾಲು ಸೇರಿಸದಿದ್ದರೆ ಎಲ್ಲವೂ ಬಂದ್. ಹೊಸಬರೆಲ್ಲ ಇಲ್ಲೇ ಎಡವುತ್ತಿದ್ದರು. “ಕಡೀ ಸಾಲು ಬಿಟ್ಟರ, ಕೀಲಿ ಒಳಗ ಇಟ್ಟು ಬಾಗಲಾ ಎಳಕೊಂಡಂಗ” ಅನ್ನುತ್ತಿದ್ದಿರಿ.

ಬೆಳಿಗ್ಗೆ ನಾವು ಬರುವಷ್ಟರಲ್ಲಿ ನೀವೇ ಯಾವುದಾದರೂ ಒಂದು ರೌಟರ್‌ನಲ್ಲಿ ತೊಂದರೆ ಹುಟ್ಟಿಸಿ, ಏನೂ ಅರಿಯದವರಂತೆ ಕಾಫಿ ಕುಡಿಯುತ್ತಿದ್ದಿರಿ. ನೀವು ಹಾಕುವ ಪಟ್ಟಿಗೆ ಯಾವಾಗಲೂ ಒಂದೇ ನಂಬರು, ಸಾವಿರದ ಹತ್ತು. ಅದು ನಿಮ್ಮ ರುಜು. ಯಾರಾದರೂ ಏನಾದರೂ ಬದಲಿಸಿದರೆ ಎಲ್ಲರೂ ಕೈ ಹಿಂದೆ ಕಟ್ಟಿ ಒಂದು ನಿಮಿಷ ನಿಲ್ಲಬೇಕು, ಮುಂದಿನ ಕೂಗು ಬರುವ ತನಕ ಇನ್ನೇನನ್ನೂ ಮುಟ್ಟಬಾರದು. ನಿಮ್ಮ ಶ್ರದ್ಧಾಂಜಲಿ ಸಭೆಯಲ್ಲಿ ಒಂದು ನಿಮಿಷ ಮೌನ ಅಂದಾಗ ನಮ್ಮ ಬ್ಯಾಚ್ ಪೂರ್ತಿ ಕೈ ಹಿಂದೆ ಕಟ್ಟಿಕೊಂಡಿತು. ಓನರ್‌ಗೆ ನಾವು ಬಹಳ ಶಿಸ್ತಿನವರು ಅನ್ನಿಸಿರಬೇಕು.

ನಾಲ್ಕನೇ ರೌಟರ್ ಕೆಟ್ಟ ದಿನ ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿ, ‘ತುಂಬಲಾರದ ನಷ್ಟ’ ಎಂದು ಬೋರ್ಡ್ ಇಟ್ಟವಳು ನಾನು. ನೀವು ಬಂದು, ಚಪ್ಪಲಿ ಬಿಟ್ಟು, ಕೈ ಮುಗಿದು, ಹಾರದ ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿದಿರಿ. “ಸತ್ತಿಲ್ಲವಾ ಇದು, ಬರೇ ಫ್ಯೂಸ್ ಹೋಗೇತಿ.” ಇಂಥ ಮೇಷ್ಟ್ರು ಸಿಕ್ಕರೆ ಯಾರಿಗೆ ತಾನೇ ಸುಮ್ಮನಿರಲು ಮನಸ್ಸು ಬರುತ್ತದೆ?

ಆ ಗುರುವಾರ ನನ್ನ ಗುರಿ ನಮ್ಮ ಬ್ಯಾಚಿನ ಮಂಜ. ಹಿಂದಿನ ದಿನ ನಿಮ್ಮ ತೊಂದರೆಯನ್ನು ಎಲ್ಲರಿಗಿಂತ ಮೊದಲು ಹಿಡಿದು ತಲೆ ಮೇಲೆ ಕೊಂಬು ಬಂದವನಂತೆ ಆಡುತ್ತಿದ್ದ. ನಾನು ಬೇಗ ಬಂದು, ಅವನ ಬೆಂಚಿಗೆ ಹೋಗುವ ರೌಟರ್‌ನಲ್ಲಿ ಒಂದು ಪಟ್ಟಿ ಹಾಕಿದೆ. ನೀವೇ ಹಾಕಿದ್ದು ಅಂದುಕೊಳ್ಳಲಿ ಎಂದು ನಂಬರು ಸಾವಿರದ ಹತ್ತು ಕೊಟ್ಟೆ. ಫೈಲ್ ಸರ್ವರ್ ಒಂದನ್ನೇ ಅವನಿಂದ ಮರೆಮಾಡುವುದು ಉದ್ದೇಶ. ಅವಸರದಲ್ಲಿ ಕಡೆಯ ಸಾಲು ಬಿಟ್ಟೆ.

ಮಂಜ ಬರುವ ಮೊದಲು ಓನರ್ ಬಂದರು, ಜೊತೆಗೆ ತಮ್ಮ ಹುಡುಗರನ್ನು ತರಬೇತಿಗೆ ಕಳಿಸಬೇಕೆಂದಿದ್ದ ಒಂದು ಕಾರ್ಖಾನೆಯವರು. ಇಷ್ಟು ಬೆಂಚುಗಳಿರುವಾಗ ಅವರು ಕೂತದ್ದು ಮಂಜನ ಜಾಗದಲ್ಲಿ. ಅವರ ಹೆಸರನ್ನು ಅಲ್ಲಿಂದಲೇ ಪ್ರಿಂಟ್ ಮಾಡಿ ತೋರಿಸಲು ಹೋದಿರಿ. ಸರ್ವರ್ ಇಲ್ಲ, ಪ್ರಿಂಟರ್ ಇಲ್ಲ, ಪರದೆಯ ಮೇಲೆ ಏನೂ ಇಲ್ಲ. ನೀವು ಗಾಬರಿಯಾಗದೆ ರೌಟರ್‌ನಿಂದ ರೌಟರ್‌ಗೆ ಹೋಗಿ, ಹತ್ತೇ ನಿಮಿಷದಲ್ಲಿ ಪಟ್ಟಿ ಹಿಡಿದಿರಿ. ಹಿಡಿದವರು ಮತ್ತೆ ಮತ್ತೆ ಓದಿದಿರಿ. “ಸಾವಿರದ ಹತ್ತು. ನಂದ ಇದು. ಹಾಕಿದ್ದು ತಗಿಯೂದು ಮರತೇನಿ.” ಆಮೇಲೆ ಮೆಲ್ಲಗೆ, ಯಾರಿಗೂ ಅಲ್ಲ ಅನ್ನುವಂತೆ, “ಕಡೀ ಸಾಲೂ ಬರದಿಲ್ಲ ನೋಡು.” ಓನರ್ ನಕ್ಕು, “ಬಿಡಿ ಮೇಷ್ಟ್ರೇ, ವಯಸ್ಸಾಯ್ತಲ್ಲ, ಆಗುತ್ತೆ” ಅಂದರು. ಅಷ್ಟರಲ್ಲಿ ಬಂದಿದ್ದ ಮಂಜ ನನ್ನ ಮುಖ ನೋಡಿದ್ದೇ ಎಲ್ಲ ಅರ್ಥ ಮಾಡಿಕೊಂಡ. “ಈಗ ಬಾಯಿ ಬಿಡ್ಬೇಡ ಕಣೇ. ಓನರ್ ಹೋಗ್ಲಿ, ಆಮೇಲೆ ಹೇಳ್ಕೊಂಡ್ರಾಯ್ತು.”

ಮಾರನೇ ದಿನದಿಂದ ನೀವು ಚೀಟಿ ಬರೆಯತೊಡಗಿದಿರಿ. ರೌಟರ್ ಮೇಲೆ ಚೀಟಿ, ಸ್ವಿಚ್‌ಬೋರ್ಡ್ ಮೇಲೆ ಚೀಟಿ, ಬಾಗಿಲಿಗೆ ‘ಬೀಗ ಹಾಕಿದೆನೇ?’ ಅನ್ನುವ ಚೀಟಿ. ನಾನು ಅದರ ಪಕ್ಕ ‘ಹಾಕಿದ್ದೀರಿ, ಇಂತಿ ಬೀಗ’ ಎಂದು ಇನ್ನೊಂದು ಅಂಟಿಸಿದೆ. ನೀವು ನಕ್ಕಿರಿ ಕೂಡ. ಆದರೆ ಬೆಳಗಿನ ತೊಂದರೆ ಹಾಕುವುದನ್ನು ನಿಲ್ಲಿಸಿದಿರಿ. “ನೀವ ಹಾಕ್ರಿ, ನಾ ಹುಡುಕ್ತೀನಿ” ಅಂದಿರಿ. ಸಂಜೆ ಬ್ಯಾಚನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರಿ. ಇದೆಲ್ಲ ಯಾಕೆಂದು ನನಗೆ ಹೊಳೆಯಲಿಲ್ಲ ಎಂದು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದೆ. ಹೊಳೆದಿತ್ತು. ಸೋಮವಾರ ಹೇಳೋಣ, ಹಬ್ಬ ಮುಗಿಯಲಿ ಹೇಳೋಣ ಎಂದು ನಾಲ್ಕು ತಿಂಗಳು ತಳ್ಳಿದೆ. ಎದೆನೋವು ಅಂತ ಆಸ್ಪತ್ರೆಗೆ ಹೋದಿರಿ, ಎರಡು ದಿನದಲ್ಲಿ ಬರ್ತಾರೆ ಅಂದರು, ಬಂದ ಮೇಲೆ ಹೇಳಿದರಾಯಿತು ಎಂದು…

ಕಳೆದ ಭಾನುವಾರ ದಾಸರಹಳ್ಳಿಯ ನಿಮ್ಮ ಮನೆಗೆ ಹೋಗಿದ್ದೆ. ಅಮ್ಮಾವ್ರು ಅವರೆಕಾಯಿ ಬಿಡಿಸುತ್ತಿದ್ದರು, ನಾನೂ ಕೂತೆ. ನಿಮ್ಮ ಅಂಗಿಗಳನ್ನು ಯಾರಿಗೋ ಕೊಡಲು ತೆಗೆದಾಗ ಎಲ್ಲದರ ಕಿಸೆಯಲ್ಲೂ ಒಂದೊಂದು ಚೀಟಿ ಸಿಕ್ಕಿತಂತೆ. “ಮನಿ ಅಡ್ರೆಸ್ಸವಾ. ತಮ್ಮ ಮನಿ ಅಡ್ರೆಸ್ ತಾವ ಬರಕೊಂಡು ಅಡ್ಡಾಡ್ಯಾರ. ‘ನಂಗ ಮರವು ಹತ್ತೇತಿ, ಎಂದರ ದಾರಿ ತಪ್ಪಿದ್ರ ಇರ್ಲಿ’ ಅಂತಿದ್ರು. ನಾ ಚಾಷ್ಟಿ ಅಂತ ತಿಳದು ನಕ್ಕಿದ್ದೆ.”

ಹೇಳಿದೆ. ಪಟ್ಟಿ, ನಂಬರು, ಮಂಜ, ಕಡೆಯ ಸಾಲು, ಎಲ್ಲವನ್ನೂ. ಅವರು ಮೊರದಲ್ಲಿದ್ದ ಕಾಯಿ ಮುಗಿಯುವ ತನಕ ಬಿಡಿಸಿದರು. “ಅವರಿಗೆ ಮರವು ಇರಲಿಲ್ಲೇನು ಹಂಗಾರ?” ಅಂದರು. ಇರಲಿಲ್ಲ ಅಂದೆ. “ನನಗ ಹೇಳಿದ್ರ ಏನ್ ಬಂತವಾ? ನಾ ಏನ್ ಅವರಿಗೆ ಮರವು ಅಂದಿದ್ನೇನು? ಅವರಿಗೆ ಹೇಳ್.”

ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಲ್ಯಾಬಿಗೆ ಇನ್ನೂ ಯಾರೂ ಬಂದಿಲ್ಲ, ಕೆಳಗೆ ಲೇತ್ ಶುರುವಾಗಿದೆ, ಬೆಂಚು ನಡುಗಿ ಅಕ್ಷರ ಸೊಟ್ಟಗಾಗಿವೆ, ಕ್ಷಮಿಸಿ. ಮಂಜನ ರೌಟರ್‌ನಲ್ಲಿ ಆ ಪಟ್ಟಿ ಹಾಕಿದ್ದು ನಾನು. ಕಡೆಯ ಸಾಲು ಬಿಟ್ಟವಳೂ ನಾನು. ಹಿಂದಿನ ದಿನ ನೀವು ಹಾಕಿದ್ದನ್ನು ನೀವೇ ತೆಗೆದಿದ್ದಿರಿ, ನಾನು ನೋಡಿದ್ದೆ.

ನೀವು ಏನನ್ನೂ ಮರೆತಿರಲಿಲ್ಲ ಮೇಷ್ಟ್ರೇ.

ಪವಿತ್ರ